ಬೂಟು ಬಿಟ್ಟು ಬರತಕ್ಕದ್ದು

ವಿಜಾಪುರ, ಕಾಲೇಜು ವಸತಿಗೃಹ, ಕೋಣೆ ಒಂಬತ್ತು
೪ ಮಾರ್ಚ್ ೧೯೬೩

ಬಬಲೇಶ್ವರದ ಸನ್ಮಾನ್ಯ ಶಿವಯೋಗೆಪ್ಪನವರ ಸನ್ನಿಧಾನಕ್ಕೆ, ಅವರ ಒಬ್ಬಳೇ ತಂಗಿಯಾದ ತಿಕೋಟಾದ ಸಕ್ರವ್ವನ ಎರಡನೆಯ ಮಗ, ಬಿ.ಎ. ಎರಡನೆಯ ವರ್ಷದ ಯಲಗೂರಪ್ಪನು ಕೈ ಜೋಡಿಸಿ ಮಾಡಿಕೊಳ್ಳುವ ವಿಜ್ಞಾಪನೆ.

ಮಾಮಾ, ಇಷ್ಟು ಓದಿ, ರೊಕ್ಕ ಕೇಳುತ್ತಾನೆಂದು ಪತ್ರ ಮಡಿಚಿ ಜಂತಿಗೆ ಸಿಕ್ಕಿಸಬೇಡಿರಿ. ಈ ಸಲ ನನಗೆ ಬೇಕಾದದ್ದು ನಿಮ್ಮ ಬಲಗೈ ಮಾತ್ರ. ಅದೂ ಒಂದೇ ದಿನ, ಮೇಲಕ್ಕೆತ್ತುವುದಕ್ಕೆ.

ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಐದು ಜನರಲ್ಲಿ ನೀವೊಬ್ಬರು. ಕಟ್ಟಡಕ್ಕೆ ನಿಮ್ಮ ಹೊಲದ ಕಲ್ಲು ಕೊಟ್ಟಿರೆಂದು ನಿಮ್ಮನ್ನು ಸದಸ್ಯರನ್ನಾಗಿ ಮಾಡಿದರು. ಆರು ವರ್ಷದಲ್ಲಿ ಎರಡು ಸಭೆಗೆ ಬಂದಿದ್ದೀರಿ, ಒಂದರಲ್ಲಿ ಮಲಗಿದ್ದಿರಿ ಎಂದು ಗುಮಾಸ್ತರು ಹೇಳುತ್ತಾರೆ. ಇದನ್ನು ದೂರೆಂದು ತಿಳಿಯಬಾರದು. ಎಚ್ಚರಿದ್ದ ಸದಸ್ಯರು ಮಾಡಿದ್ದನ್ನು ನೋಡಿದ ಮೇಲೆ ನಿಮ್ಮ ನಿದ್ದೆಯ ಮೇಲೆ ನನಗೆ ಗೌರವ ಹುಟ್ಟಿದೆ.

ವಿಷಯ: ಬಾಸ್ಕೆಟ್‌ಬಾಲ್ ಕಲಿಸುವ ಅಲ್ಲಾಉದ್ದೀನ ಮಾಸ್ತರರ ಕರಾರು ಮೇ ಮೂವತ್ತೊಂದಕ್ಕೆ ಮುಗಿಯುತ್ತದೆ. ವರ್ಷಕ್ಕೊಮ್ಮೆ ಹೊಸದು ಮಾಡಬೇಕಾದ ಕರಾರು. ಮೂರು ವರ್ಷ ಯಾರೂ ತುಟಿ ಎರಡು ಮಾಡದೆ ಆಯಿತು. ಈ ವರ್ಷ ಮಾಡಲೇಬಾರದೆಂದು ಅಧ್ಯಕ್ಷರಾದ ಗೊಲ್ಲಾಳಪ್ಪ ವಕೀಲರು ಹಟ ಹಿಡಿದಿದ್ದಾರೆ.

ಬಾಸ್ಕೆಟ್‌ಬಾಲ್ ಎಂದರೆ ಹತ್ತು ಫೂಟು ಎತ್ತರದಲ್ಲಿ ಒಂದು ಕಬ್ಬಿಣದ ಬಳೆ ಕಟ್ಟಿ, ಅದರೊಳಗೆ ಚೆಂಡು ಹಾಕುವ ಆಟ. ಚೆಂಡನ್ನು ಹಿಡಿದುಕೊಂಡು ಓಡುವಂತಿಲ್ಲ, ನೆಲಕ್ಕೆ ಪುಟಿಸುತ್ತಲೇ ಓಡಬೇಕು. ಆದ್ದರಿಂದ ನೆಲವೇ ಮುಖ್ಯ. ಮಾಸ್ತರರು ಹದಿನೈದು ವರ್ಷ ಪಲ್ಟನ್ನಿನಲ್ಲಿದ್ದು ಬಂದವರು, ಗೋಳಗುಮ್ಮಟದ ಹಿಂದಿನ ಓಣಿಯವರು. ಅವರು ಬಂದ ವರ್ಷ ನಾನು ಪಿ.ಯು.ಸಿ.ಯಲ್ಲಿದ್ದೆ, ನಮ್ಮ ಅಂಗಳದ ತುಂಬ ಹರಳು. ಉತ್ತರಕ್ಕೆ ಒಗೆದ ಚೆಂಡು ಪೂರ್ವಕ್ಕೆ ಹೋಗುತ್ತಿತ್ತು. ಸಿಮೆಂಟು ಕೇಳಿದರು. ಮಂಡಳಿ “ನೋಡೋಣ” ಅಂದಿತು. ಆಗ ಮಾಸ್ತರರು ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು: “ನಿಮ್ಮ ನಿಮ್ಮ ಊರಾಗ ಎಲ್ಲಾದಕ್ಕಿಂತ ಸಪಾಟ ನೆಲ ಯಾವುದ್ರಪಾ?”

ಹತ್ತೂ ಜನ ಒಂದೇ ಉಸಿರಿಗೆ “ಕಣ” ಅಂದೆವು.

ಮುಂದಿನ ವಾರವೇ ಕಣ ಮಾಡಿದೆವು. ಮಣ್ಣು ಹಾಕಿ, ನೀರು ಹೊಡೆದು, ತಿಕೋಟಾದ ನಾಲ್ಕು ಎತ್ತುಗಳಿಂದ ತುಳಿಸಿ, ಮೇಲೆ ಸಗಣಿ ಸಾರಿಸಿದೆವು. ನಡುವೆ ಎತ್ತು ಕಟ್ಟುವ ಮೇಟಿ ಕಂಬವೂ ಇರಲಿ ಎಂದು ನಾನು ವಾದಿಸಿದೆ, ಮಾಸ್ತರರು ಒಪ್ಪಲಿಲ್ಲ. ಇನ್ನು ಕಣವೆಂದ ಮೇಲೆ ಕಾಲಲ್ಲಿ ಚಪ್ಪಲಿ ಇಟ್ಟುಕೊಂಡು ಏರುವುದುಂಟೆ? ಮೊದಲ ದಿನ ಯಾರೂ ಹೇಳದೆಯೇ ಹತ್ತೂ ಜನ ಅಂಚಿನಲ್ಲಿ ಚಪ್ಪಲಿ ಬಿಟ್ಟೆವು. ಮಾಸ್ತರರು ನಮ್ಮ ಕಾಲು ನೋಡಿದರು, ತಮ್ಮ ಪಲ್ಟನ್ ಬೂಟು ನೋಡಿದರು, ಕೆಳಗೆ ಕೂತು ಲೇಸು ಬಿಚ್ಚಿದರು. ಅಂದಿನಿಂದ ಅದೇ ಕಾನೂನು. ಹೊರಗಿನಿಂದ ಬಂದ ಐದು ತಂಡಗಳೂ ಬೂಟು ಬಿಟ್ಟೇ ಆಡಿದವು. ಐದೂ ತಂಡಗಳನ್ನು ನಾವು ಸೋಲಿಸಿದೆವು. ಹೊರಗೆ ಹೋಗಿ ಆರು ಆಡಿದೆವು. ಅವುಗಳ ವಿಷಯ ಸದ್ಯಕ್ಕೆ ಬೇಡ.

ಅಪರಾಧ ನಡೆದದ್ದು ಜನವರಿ ಇಪ್ಪತ್ತಾರರಂದು. ಝಂಡಾ ಏರಿಸಿ, ಅತಿಥಿಗಳನ್ನು ಕರೆದುಕೊಂಡು ಅಧ್ಯಕ್ಷರು ನಮ್ಮ ಅಂಗಳ ತೋರಿಸಲು ಬಂದರು. ಅಂಚಿನಲ್ಲಿ ಒಂದು ಹಲಗೆ. ಅದರ ಮೇಲೆ ನೀಲಿ ಬಣ್ಣದ ದುಂಡನೆಯ ಅಕ್ಷರ: “ಇದು ಕಣ. ಬೂಟು, ಚಪ್ಪಲಿ ಇತ್ಯಾದಿ ಪಾದರಕ್ಷೆಗಳನ್ನು ಹೊರಗೇ ಬಿಟ್ಟು ಬರತಕ್ಕದ್ದು. ಯಾರಿಗೂ ವಿನಾಯಿತಿ ಇಲ್ಲ. ಅಪ್ಪಣೆ: ಗೊಲ್ಲಾಳಪ್ಪ, ಅಧ್ಯಕ್ಷರು.”

ಅಧ್ಯಕ್ಷರು ಬೂಟಿನ ಸಮೇತ ಒಂದು ಕಾಲು ಒಳಗಿಟ್ಟಿದ್ದರು. ಮಾಸ್ತರರು ಅಡ್ಡ ಬಂದು, “ಸಾಹೇಬರ, ಬೂಟು ಬಿಟ್ಟು ಬರ್ರಿ,” ಎಂದು ಹಲಗೆ ತೋರಿಸಿದರು.

“ಈ ಅಪ್ಪಣಿ ನಾ ಯಾವಾಗ ಕೊಟ್ಟೆ?”

“ಗೊತ್ತಿಲ್ರಿ. ಆದ್ರ ಅಪ್ಪಣಿ ಚಲೋ ಅದ.”

ಅತಿಥಿಗಳು ನಕ್ಕರು. ಕೆಟ್ಟದ್ದು ಅಲ್ಲಿಯೇ. ಈಗ ಮಾಸ್ತರರ ಮೇಲೆ ಎರಡು ಆಪಾದನೆ: ಒಂದು, ತಂಡ ಸೋಲುತ್ತದೆ. ಎರಡು, ಅಧ್ಯಕ್ಷರ ಹೆಸರಿನಲ್ಲಿ ಸುಳ್ಳು ಅಪ್ಪಣೆ ಬರೆಸಿದ್ದಾರೆ. ಹಲಗೆ ಬರೆದ ಮಹಾನುಭಾವ ಯಾರೆಂಬುದು ಇನ್ನೂ ಪತ್ತೆಯಾಗಿಲ್ಲ, ಸಂಶೋಧನೆ ನಡೆದಿದೆ.

ಕರಾರು ಹೋದರೆ ಮಾಸ್ತರರು ಸೊಲ್ಲಾಪುರದ ಗಿರಣಿಯೊಂದರ ಬಾಗಿಲು ಕಾಯಲು ಹೋಗುತ್ತಾರೆ. “ಅಲ್ಲೂ ಸೀಟಿ ಕೊಡ್ತಾರ,” ಅನ್ನುತ್ತಾರೆ. ಆ ಸೀಟಿ ಇಲ್ಲಿಯೇ ಊದಬೇಕು. ಕೈ ಎತ್ತುತ್ತೀರೆಂದು ಎರಡು ಸಾಲು ಬರೆಯಿರಿ.

ಇಂತು ತಮ್ಮ ಆಜ್ಞಾಧಾರಕ (ಸದ್ಯಕ್ಕೆ),
ಯಲಗೂರಪ್ಪ

*

ಬಬಲೇಶ್ವರ
೧೫ ಮಾರ್ಚ್ ೧೯೬೩

ಯಲಗೂರಪ್ಪನಿಗೆ ಮಾಮಾನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಅರ್ಧ ಓದಿ ನಕ್ಕೆ. ಪೂರಾ ಓದಿ, ಮತ್ತೆ ಮೊದಲಿನಿಂದ ಓದಿದೆ.

ಇಲ್ಲಿ ಬಿಳಿಜೋಳದ ರಾಶಿ ಮುಗಿದು ಮೂರು ವಾರವಾಯಿತು. ಕಡಲೆ ಒಕ್ಕುವುದಿದೆ. ಕೆಲಸದ ಹೊತ್ತು, ಉದ್ದ ಬರೆಯಲು ಆಗುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡು. ಕಣಕ್ಕೆ ಯಾವ ಮಣ್ಣು ಹಾಕಿದಿರಿ? ಸಗಣಿ ಯಾರು ಸಾರಿಸುತ್ತಾರೆ, ಆಳೋ ನೀವೋ? ಹೊರಗಿನಿಂದ ಬಂದ ಹುಡುಗರ ಬೂಟು ಬಿಚ್ಚಿಸಿ ಗೆದ್ದಿರಿ ಎಂದರೆ ಅದು ಗೆಲುವು ಹೇಗಾಯಿತು? ನಿಮ್ಮ ಮಾಸ್ತರರಿಗೆ ಹೀಗೆ ಯಾರಾದರೂ ಕೇಳಿದ್ದಾರೇನು?

ಇನ್ನೊಂದು. ನಿನ್ನ ಗೆಳೆಯರಲ್ಲಿ ಕಾಯಿದೆ ಓದುವವರು ಇದ್ದಾರಲ್ಲ. ಒಂದು ಮಂಡಳಿ ನಿರ್ಣಯ ಮಾಡಿ, ಆ ಠರಾವಿಗೆ ಸಹಿ ಬಿದ್ದ ಮೇಲೆ ಅದನ್ನು ತಿದ್ದಲು ಬರುತ್ತದೋ ಇಲ್ಲವೋ ಕೇಳಿ ಬರೆ. ಇದು ಬೇರೆ ಕೆಲಸಕ್ಕೆ.

ಊಟ ಸರಿಯಾಗಿ ಮಾಡು. ನಿಮ್ಮವ್ವ ನೀನು ಸಣ್ಣಗಾಗಿದ್ದೀ ಅನ್ನುತ್ತಾಳೆ.

ಶಿವಯೋಗೆಪ್ಪ

*

ವಿಜಾಪುರ
೨೨ ಮಾರ್ಚ್ ೧೯೬೩

ಪ್ರಶ್ನಾವಳಿಯ ಕರ್ತೃಗಳಾದ ಮಾಮಾನವರಿಗೆ,

ಕೈ ಎತ್ತುತ್ತೇನೆಂದು ಬರೆಯಲಿಲ್ಲ, ಎತ್ತುವುದಿಲ್ಲವೆಂದೂ ಬರೆಯಲಿಲ್ಲ. ನಿಮ್ಮ ಮೌನವನ್ನು ಒಪ್ಪಿಗೆಯೆಂದು ಕೋಣೆ ಒಂಬತ್ತರಲ್ಲಿ ಸಾರಿ, ಹುರಿದ ಶೇಂಗಾ ಹಂಚಿದ್ದೇನೆ. ಇನ್ನು ಹಿಂದೆ ಸರಿಯುವಂತಿಲ್ಲ.

ಉತ್ತರಗಳು. ಕಪ್ಪು ಮಣ್ಣಲ್ಲ, ಅದು ಬಿರಿಯುತ್ತದೆಂದು ನಮಗೂ ಗೊತ್ತು, ಮಸಬು ಮಣ್ಣು. ಸಗಣಿ ನಾವೇ ಸಾರಿಸುತ್ತೇವೆ, ಪ್ರತಿ ಶನಿವಾರ, ಸಾಲು ಹಚ್ಚಿ. ತಹಶೀಲ್ದಾರರ ಮಗನೂ ಸಾರಿಸುತ್ತಾನೆ, ಮೂಗು ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲವೆಂದು ಅಳುತ್ತಾನೆ.

ಮೂರನೆಯ ಪ್ರಶ್ನೆ ಮಾಸ್ತರರಿಗೆ ಯಾರೂ ಕೇಳಿಲ್ಲ. ಅವರೇ ತಮಗೆ ಕೇಳಿಕೊಂಡಿದ್ದಾರೆ. ಅದೇ ನನ್ನ ಹೊಟ್ಟೆ ಉರಿ. ವರ್ಷದ ವರದಿಯಲ್ಲಿ ಮಂಡಳಿಗೆ ಏನು ಬರೆದುಕೊಟ್ಟಿದ್ದಾರೆ ಗೊತ್ತೇ? “ಆರು ಪಂದ್ಯ ಆಡಿದೆವು, ಆರೂ ಸೋತೆವು.” ಅಷ್ಟೇ. ನಾನು ಅವರ ಮನೆಗೇ ಹೋಗಿ ಜಗಳ ತೆಗೆದೆ.

“ಮಾಸ್ತರರ, ನಮ್ಮ ಕಣದಾಗ ಐದು ಗೆದ್ದದ್ದು ಎಲ್ಲಿ ಹೋತ್ರಿ?”

“ಅವು ಗೆದ್ದದ್ದಲ್ಲಪಾ. ಬರಿಗಾಲಿನ ಆಟ ಗೊತ್ತಿಲ್ಲದವರನ್ನ ಬರಿಗಾಲಾಗ ಆಡಿಸೇವಿ.”

“ಹಂಗಾದ್ರ ಧಾರವಾಡದಾಗ ಸೋತದ್ದೂ ಸೋಲಲ್ರಿ. ಬೂಟು ಗೊತ್ತಿಲ್ಲದ ನಮಗ ಕಡಾ ತಂದ ಬೂಟು ಹಾಕಿ ಸಿಮಿಟಿನ ಮ್ಯಾಲ ಆಡಿಸ್ಯಾರ.”

“ಅದು ಸೋಲ. ಎಲ್ಲಾ ನೆಲದಾಗೂ ಆಡಾಕ ನಾ ಕಲಸಬೇಕಿತ್ತು. ಕಲಸಿಲ್ಲ. ಕಲಸಿಲ್ಲ ಅಂತ ಬರದೇನಿ.”

ಅವರ ಹೆಂಡತಿ ಸಬೀರಾ ಚಾಚಿ ಒಳಗಿನಿಂದ, “ಇವರ ಕೈಯಾಗ ಪೆನ್ನು ಕೊಡಬ್ಯಾಡ್ರಪಾ. ತಮ್ಮ ಮ್ಯಾಲ ತಾವ ಫಿರ್ಯಾದಿ ಬರಕೋತಾರ,” ಅಂದರು. ಆಮೇಲೆ ನನ್ನ ಕೈ ನೋಡಿ ಒಂದು ಬಾಟಲಿಯಲ್ಲಿ ಸೀಮೆಎಣ್ಣೆ ಕೊಟ್ಟು ಕಳಿಸಿದರು. ಅದು ಬೇರೆ ಮಾತು.

ನಿಮ್ಮ ಕಾಯಿದೆಯ ಪ್ರಶ್ನೆಗೆ ನಮ್ಮ ಪಂಡಿತರ ತೀರ್ಪು: ಸಹಿ ಬಿದ್ದ ಠರಾವನ್ನು ಮುಂದಿನ ಸಭೆಯಲ್ಲಿ ಓದಿ ಕಾಯಂ ಮಾಡುತ್ತಾರೆ. ಕಾಯಂ ಆಗುವವರೆಗೆ ಅದು ಹಸಿ ಮಣ್ಣು. ಸಹಿ ಮಾಡಿದವನೇ ಎದ್ದು ನಿಂತು “ನನಗೆ ಒಪ್ಪಿಗೆ ಇಲ್ಲ” ಅಂದರೆ ಮತ್ತೆ ಚರ್ಚೆಗೆ ಬರುತ್ತದೆ. ಸೊಸೈಟಿಯ ಬೀಜದ ತಕರಾರು ಇರಬೇಕೆಂದು ಊಹಿಸಿದ್ದೇನೆ. ಬಿಡಬೇಡಿರಿ, ಹೊಡೆದಾಡಿರಿ. ನಿಮ್ಮ ಬೆನ್ನಿಗೆ ಅಳಿಯನಿದ್ದಾನೆ.

ಯಲಗೂರಪ್ಪ

*

(ಕಾರ್ಡು)
ಬಬಲೇಶ್ವರ, ೨ ಏಪ್ರಿಲ್ ೧೯೬೩

ಯಲಗೂರ್ಯಾ,

ಸೀಮೆಎಣ್ಣೆ ಯಾಕೆ ಕೊಟ್ಟಳು? ಎಣ್ಣೆಬಣ್ಣ ಉಗುರಿನಿಂದ ಹೋಗಬೇಕಾದರೆ ಸೀಮೆಎಣ್ಣೆಯೇ ಬೇಕು. ಅದು ನನಗೂ ಗೊತ್ತು.

ಎಂಟು ವರ್ಷದವನಿದ್ದಾಗ ನನ್ನ ಎತ್ತಿನ ಕೊರಳಿಗೆ “ತಲಾಠಿ ಸಾಹೇಬರು” ಎಂದು ಹಲಗೆ ಬರೆದು ಕಟ್ಟಿದವ ನೀನು. ಕಂದಾಯದ ಲೆಕ್ಕಕ್ಕೆ ಬಂದ ತಲಾಠಿ ಅದನ್ನು ನೋಡಿದ. ಬೈಸಿಕೊಂಡವ ನಾನು. ನೀನು ಕಣಜದ ಹಿಂದೆ ಕೂತಿದ್ದೆ.

ಈಗ ಕಣಜದ ಹಿಂದೆ ಯಾರು ಕೂತಿದ್ದಾರೆ?

ಶಿವಯೋಗೆಪ್ಪ

*

ವಿಜಾಪುರ
೬ ಏಪ್ರಿಲ್ ೧೯೬೩

ಮಾಮಾ,

ಹೌದು. ಹಲಗೆ ಬರೆದವ ನಾನು. ಜನವರಿ ಇಪ್ಪತ್ತೈದರ ಸಂಜೆ, ಸೊಲ್ಲಾಪುರ ರಸ್ತೆಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನ ಹತ್ತಿರ ಉಳಿದ ನೀಲಿ ಬಣ್ಣ ಬೇಡಿ ತಂದು ಬರೆದೆ. ಕೆಳಗೆ ಅಧ್ಯಕ್ಷರ ಹೆಸರು ಹಾಕಿದ್ದು ತಮಾಷೆಗೆ. ಮಾರ್ಚಿನಲ್ಲಿ ಮಾಸಿದ ಅಕ್ಷರಗಳಿಗೆ ಮತ್ತೊಮ್ಮೆ ಬಣ್ಣ ಹಚ್ಚಿದ್ದೆ, ಸಬೀರಾ ಚಾಚಿ ನನ್ನ ಉಗುರಿನಲ್ಲಿ ಕಂಡದ್ದು ಅದನ್ನೇ. ಮಾಸ್ತರರಿಗೆ ಮರುದಿನವೇ ಗೊತ್ತಾಯಿತು. ಅಧ್ಯಕ್ಷರು ಅವರನ್ನು ಕಚೇರಿಗೆ ಕರೆಸಿ ಮೂರು ಸಲ ಕೇಳಿದ್ದಾರೆ. ಮೂರು ಸಲವೂ ಮಾಸ್ತರರು “ಅಂಗಳದ ಜವಾಬುದಾರಿ ನಂದು” ಎಂದಷ್ಟೇ ಹೇಳಿದ್ದಾರೆ. ನಾನು ಕಣಜದ ಹಿಂದೆ ಕೂತೇ ಇದ್ದೇನೆ. ನಿಮಗೆ ಬರೆಯಲಿಲ್ಲ, ಏಕೆಂದರೆ ನನ್ನ ತಪ್ಪು ಮುಚ್ಚಿಕೊಂಡೇ ಅವರ ಕೆಲಸ ಉಳಿಸಬಹುದೆಂದು ಲೆಕ್ಕ ಹಾಕಿದ್ದೆ.

ಇನ್ನು ನಿಮ್ಮ ಸರದಿ.

ನಿಮ್ಮ ಕಾರ್ಡು ಕಿಸೆಯಲ್ಲಿಟ್ಟುಕೊಂಡು ನಿನ್ನೆ ಕಚೇರಿಯ ಮುಂದೆ ನಿಂತಿದ್ದೆ, ಒಳಗೆ ಹೋಗಿ ಒಪ್ಪಿಕೊಳ್ಳಲೋ ಬೇಡವೋ ಎಂದು. ಸಿಪಾಯಿ ದಾವಲಸಾಬ ಠರಾವು ಪುಸ್ತಕದ ಮೇಲೆ ಕೈಯೂರಿ ಕೂತಿದ್ದ. “ನಮ್ಮ ಮಾಮಾ ಈ ಸಲ ಮಾಸ್ತರರ ಕಡೆ ಕೈ ಎತ್ತಾರ ನೋಡು,” ಅಂದೆ. ಅವನು ನನ್ನ ಮುಖ ನೋಡಿದ.

“ಯಾವ ಕೈ ಎತ್ತಾರೋ? ನಿಮ್ಮ ಮಾಮಾ ಸಹಿ ಮಾಡಿ ಒಂದೂವರಿ ತಿಂಗಳಾತಲ್ಲ.”

ಪುಸ್ತಕ ತೆರೆದು ತೋರಿಸಿದ. “ಅಲ್ಲಾಉದ್ದೀನ ಇವರ ಕರಾರನ್ನು ಮುಂದುವರಿಸಬಾರದೆಂದು ಠರಾಯಿಸಲಾಯಿತು.” ಕೆಳಗೆ ಮೂರು ಸಹಿ. ಅಧ್ಯಕ್ಷರದು, ಅರಿವೆ ಅಂಗಡಿಯ ಸಂಗಣ್ಣನವರದು, ನಿಮ್ಮದು. ಫೆಬ್ರುವರಿ ಇಪ್ಪತ್ತನೆಯ ತಾರೀಖು. ನಿಮ್ಮ ಹೆಸರಿನ ಪಕ್ಕದಲ್ಲಿ ಸಗಣಿಯ ಹೆಬ್ಬೆಟ್ಟಿನ ಕಲೆಯೂ ಇದೆ. ಐದರಲ್ಲಿ ಮೂರು. ನಾನು ಮೊದಲ ವಿಜ್ಞಾಪನೆ ಬರೆಯುವ ಹನ್ನೆರಡು ದಿನ ಮೊದಲೇ ನೀವು ಕೆಲಸ ಮುಗಿಸಿದ್ದಿರಿ. ಅದರ ಮೇಲೆ ನನಗೆ ಮಣ್ಣು ಯಾವುದೆಂದು ಕೇಳಿದಿರಿ. ಬೇರೆ ಕೆಲಸಕ್ಕೆ ಕಾಯಿದೆ ಕೇಳಿದಿರಿ. ನಾನು ಶೇಂಗಾ ಹಂಚಿದೆ.

ದಾವಲಸಾಬನಿಗೆ, “ಮಾಮಾ ಓದಿದ್ರೇನು?” ಎಂದು ಕೇಳಿದೆ. “ಓದಿಲ್ಲ,” ಅಂದ.

ಹಾಗಾದರೆ ಕೇಳಿರಿ. ನಾನು ಒಂದೊಂದು ಅಕ್ಷರ ಓದಿ ಬರೆದು, ಕೆಳಗೆ ಬೇರೆಯವರ ಹೆಸರು ಹಾಕಿದೆ. ನೀವು ಒಂದಕ್ಷರವೂ ಓದದೆ ನಿಮ್ಮದೇ ಹೆಸರು ಹಾಕಿದಿರಿ. ನಮ್ಮಿಬ್ಬರಲ್ಲಿ ಯಾರ ಸಹಿ ಹೆಚ್ಚು ಸುಳ್ಳೋ ನೀವೇ ಹೇಳಿರಿ. ನನ್ನ ಹಲಗೆಯಿಂದ ಒಬ್ಬರ ಮಾನಕ್ಕೆ ಕುಂದಾಯಿತು. ನಿಮ್ಮ ಸಹಿಯಿಂದ ಒಬ್ಬರ ಅನ್ನಕ್ಕೆ ಕುತ್ತು ಬಂತು.

ಯಲಗೂರಪ್ಪ

*

ತಿಕೋಟಾ
೧೦ ಮೇ ೧೯೬೩

ಮಾಮಾನವರಿಗೆ,

ಮೂವತ್ನಾಲ್ಕು ದಿನ ನಿಮ್ಮಿಂದ ಒಂದು ಸಾಲಿಲ್ಲ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಬಯ್ಯಿರಿ. ತಪ್ಪಿಲ್ಲದಿದ್ದರೂ ಬಯ್ಯಿರಿ, ನಿಮಗೆ ಆ ಹಕ್ಕಿದೆ. ಸುಮ್ಮನಿರಬೇಡಿರಿ.

ಇಲ್ಲಿಯ ಸುದ್ದಿ ತಿಳಿಸುವುದು ನನ್ನ ಕರ್ತವ್ಯ. ಪರೀಕ್ಷೆ ಮುಗಿದ ದಿನವೇ ಪ್ರಿನ್ಸಿಪಾಲರಿಗೆ ಹಲಗೆಯ ವಿಷಯವನ್ನು ಬರೆದುಕೊಟ್ಟೆ. ಈ ಸಲ ಕೆಳಗೆ ನನ್ನ ಹೆಸರೇ ಹಾಕಿದೆ. ಮರುದಿನ ಅಧ್ಯಕ್ಷರು ತಮ್ಮ ಕಚೇರಿಗೆ ಕರೆಸಿದರು. ನೀರು ಕೊಟ್ಟರು, ಕುರ್ಚಿ ಕೊಟ್ಟರು. ನನಗೆ ಆಗಲೇ ಅನುಮಾನ ಬಂತು.

“ನೀ ಸಣ್ಣವ,” ಅಂದರು. “ಮಾಸ್ತರ ಹೇಳಿದ್ದಕ್ಕ ಬರದೆ ಅಂತ ಒಂದ ಸಾಲ ಕೂಡಸು. ನಿನ್ನ ಕೂದಲಿಗೂ ಧಕ್ಕಿ ಆಗೂದಿಲ್ಲ.”

“ಸಾಹೇಬರ, ನಿಮ್ಮ ಹೆಸರಿಲೆ ಒಂದು ಸುಳ್ಳು ಬರದು ಇಷ್ಟಾಗೇದ. ಇನ್ನೊಬ್ಬರ ಹೆಸರಿಲೆ ಇನ್ನೊಂದು ಬರಿಯೂದಿಲ್ರಿ.”

“ಕಾಲೇಜಿನಿಂದ ತೆಗೀತೇನಿ.”

“ತೆಗೀರಿ. ಆದ್ರ ಆ ಅಪ್ಪಣಿಗಿ ಹೆಸರು ನಿಮ್ಮದ ಹಾಕ್ರಿ.”

ಮಂಡಳಿ ತೀರ್ಮಾನಿಸುವವರೆಗೆ ಕಾಲೇಜಿನ ಆವರಣದಲ್ಲಿ ಕಾಲಿಡಬಾರದೆಂದು ಊರಿಗೆ ಕಳಿಸಿದ್ದಾರೆ. ಸಭೆ ಜೂನ್ ಎರಡು, ಭಾನುವಾರ. ಹಿಂದಿನ ಠರಾವು ಓದಿ ಕಾಯಂ ಮಾಡುತ್ತಾರೆ. ಅದು ಹಸಿ ಮಣ್ಣು ಎಂದು ನಿಮಗೆ ಬರೆದವನು ನಾನೇ.

ಅವ್ವನಿಗೆ ಎಲ್ಲ ಹೇಳಿದ್ದೇನೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, “ನಮ್ಮಣ್ಣ ಸಿಟ್ಟಿಗೆದ್ರ ಕಾಗದ ಬರೀತಾನ. ಬರದಿಲ್ಲಂದ್ರ ನಾಚಿಕಿ ಬಂದದ,” ಅಂದಳು.

ಅವಳು ಹೇಳಿದ್ದು ಸುಳ್ಳಾಗಿದ್ದರೆ ತಿಳಿಸಿರಿ.

ಯಲಗೂರಪ್ಪ

*

ಬಬಲೇಶ್ವರ
೧೮ ಮೇ ೧೯೬೩

ಯಲಗೂರಪ್ಪನಿಗೆ,

ನಿಮ್ಮವ್ವ ಹೇಳಿದ್ದು ಸುಳ್ಳಲ್ಲ.

ಆ ದಿನದ ಮಾತು ಬರೆಯುತ್ತೇನೆ, ಯಾರಿಗೂ ಹೇಳಿಲ್ಲ. ಫೆಬ್ರುವರಿ ಇಪ್ಪತ್ತಕ್ಕೆ ನಮ್ಮ ಕಣದಲ್ಲಿ ಜೋಳದ ರಾಶಿ ಇತ್ತು. ಪೂಜೆ ಮಾಡಿ ಅಳೆಯಲು ಕೂತಿದ್ದೆವು. ರಾಶಿ ಅಳೆಯುವಾಗ ಮಾತಾಡಬಾರದು ಎಂಬುದು ನಿನಗೂ ಗೊತ್ತು. ನಮ್ಮ ಅಪ್ಪನ ಕಾಲದಿಂದ ಆ ಹೊತ್ತಿನಲ್ಲಿ ನಮ್ಮ ಕಣದಲ್ಲಿ ಒಂದು ಮಾತು ಎದ್ದಿಲ್ಲ. ನಡುವೆಯೇ ದಾವಲಸಾಬ ಪುಸ್ತಕ ಹಿಡಿದು ಬಂದ. ಅವನೂ ಕಣ ಕಂಡವನೇ. ಚಪ್ಪಲಿ ಇದ್ದುದಕ್ಕೆ ಹೊರಗೇ ನಿಂತ, ಬಾಯಿ ತೆರೆಯಲಿಲ್ಲ. ಪುಸ್ತಕ ಬಿಚ್ಚಿ ಸಹಿಯ ಜಾಗಕ್ಕೆ ಬೆರಳಿಟ್ಟ. ಅವನಿಗೆ ತಿರುಗಿ ಹೋಗಲು ಬಸ್ಸಿತ್ತು. ನಾನು ಎದ್ದು ಅಂಚಿಗೆ ಹೋದೆ. ಸಗಣಿ ಸಾರಿಸಿದ ಕೈ. ಕೇಳಬೇಕೆಂದರೆ ಮಾತಾಡುವಂತಿಲ್ಲ. ಓದಬೇಕೆಂದರೆ ಕಣ್ಣಿನ ಚಾಳೀಸು ಮನೆಯಲ್ಲಿ. ಎಂದಿನಂತೆ ಪ್ಯೂನರ ಪಗಾರ, ಬೋರ್ಡಿಗೆ ಬರೆಯುವ ಖಡುವಿನ ಖರ್ಚು ಇರಬೇಕೆಂದು ಸಹಿ ಮಾಡಿ ಬಂದು ಕೂತೆ.

ಒಬ್ಬರು ಕಣದ ಮರ್ಯಾದೆ ಕಾಯ್ದರು. ನಾನು ನನ್ನ ಕಣದ ಮರ್ಯಾದೆ ಕಾಯಲು ಹೋಗಿ ಅವರ ಕೆಲಸ ಕಳೆದೆ. ನಿನ್ನ ಮೊದಲ ಪತ್ರ ಓದಿದಾಗ ಆ ಸಹಿ ಯಾವುದರದೆಂದು ಹೊಳೆಯಿತು. ಇಪ್ಪತ್ತರ ಪೋರನಿಗೆ ಹೇಗೆ ಬರೆಯಲಿ ಎಂದು ಮಣ್ಣು ಯಾವುದೆಂದು ಕೇಳಿದೆ.

ಆ ದಿನ ಬಾಯಿ ಮುಚ್ಚಿದ್ದೆ. ಜೂನ್ ಎರಡಕ್ಕೆ ಮುಚ್ಚುವುದಿಲ್ಲ.

ನೀನು ಸಭೆಯ ಕಡೆ ಬರಬೇಡ. ಕಾಲಿಡಬಾರದೆಂದರೆ ಇಡಬೇಡ. ನಿನ್ನ ತಪ್ಪಿಗೆ ನಾನು ರಕ್ಷಣೆ ಕೊಡುವುದಿಲ್ಲ, ಇದನ್ನು ಈಗಲೇ ತಿಳಿದುಕೋ. ಮಾಸ್ತರರಿಗೆ ಮಾತ್ರ ಒಂದು ಕಾರ್ಡು ಹಾಕು: ಸಭೆಯ ದಿನ 'ಕಣ ಸಾರಿಸಿ ಇಡಿರಿ' ಎಂದು.

ಶಿವಯೋಗೆಪ್ಪ

*

ಬಬಲೇಶ್ವರ
೩ ಜೂನ್ ೧೯೬೩

ಯಲಗೂರಪ್ಪನಿಗೆ,

ನೀನು ನಿದ್ದೆ ಮಾಡಿರುವುದಿಲ್ಲ. ಮೊದಲು ಅದನ್ನೇ ಬರೆಯುತ್ತೇನೆ: ಕರಾರು ಮುಂದುವರಿಯಿತು. ಇನ್ನು ಸಾವಕಾಶ ಓದು.

ಮೊದಲ ಬಸ್ಸಿಗೆ ಹೋದೆ. ಮಾಸ್ತರರು ಒಬ್ಬರೇ ಬಗ್ಗಿ ಸಗಣಿ ಸಾರಿಸುತ್ತಿದ್ದರು, ಸಬೀರಾಬಾಯಿ ನೀರು ತಂದುಕೊಡುತ್ತಿದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ, “ನಿಮ್ಮ ವಿರುದ್ಧ ಸಹಿ ಮಾಡಿದವ ನಾನು,” ಅಂದೆ.

“ಗೊತ್ತದ್ರಿ,” ಅಂದರು. “ಆ ಬಕೀಟು ಸ್ವಲ್ಪ ಈ ಕಡೆ ಸರಸ್ರಿ.”

ಸರಿಸಿದೆ. ಆಮೇಲೆ ಧೋತರ ಮೇಲೆ ಕಟ್ಟಿ ಒಂದು ಮಗ್ಗುಲು ನಾನೇ ಸಾರಿಸಿದೆ.

ಹನ್ನೊಂದಕ್ಕೆ ಸಭೆ. ಗುಮಾಸ್ತ ಹಿಂದಿನ ಠರಾವು ಓದಿದ. ಎದ್ದು ನಿಂತೆ. “ಸಹಿ ನಂದದ. ಒಪ್ಪಿಗಿ ಇಲ್ಲ.”

ಗೊಲ್ಲಾಳಪ್ಪ ಚಾಳೀಸು ತೆಗೆದು ನೋಡಿದರು. “ಅಂದ್ರ ಓದದ ಸಹಿ ಮಾಡಿದ್ರೇನು ಗೌಡ್ರ?”

“ಹೌದ್ರಿ. ಅದನ್ನೂ ಪುಸ್ತಕದಾಗ ಬರಕೊಳ್ರಿ. ಶಿವಯೋಗೆಪ್ಪ ಓದದ ಸಹಿ ಮಾಡ್ಯಾನ ಅಂತ. ಇನ್ನೊಮ್ಮಿ ಓದದ ಮಾಡಬಾರದಲ್ಲ, ಅದಕ್ಕ ನೆಲ ನೋಡಿ ಮಾತಾಡೂಣ. ಎದ್ದೇಳ್ರಿ ಎಲ್ಲಾರು.”

ಐವರೂ ಹೊರಗೆ ಬಂದೆವು. ನಾಲ್ವರು ಚಪ್ಪಲಿ ಬಿಟ್ಟು ಏರಿದೆವು. ಅಧ್ಯಕ್ಷರು ನಿನ್ನ ಹಲಗೆಯ ಪಕ್ಕ ಬೂಟಿನಲ್ಲೇ ನಿಂತರು. ಪುಸ್ತಕ ನನ್ನ ಕೈಯಲ್ಲಿತ್ತು, ನಾನು ನಡುವೆ ನಿಂತಿದ್ದೆ. ಅವರ ಕಡೆಯ ಸಂಗಣ್ಣನೇ, “ಬರ್ರಿ ಸಾಹೇಬರ, ಒಣಗೇದ,” ಅಂದ. ಅಧ್ಯಕ್ಷರು ಯಾರ ಕಡೆಯೂ ನೋಡದೆ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದರು.

ಒಳಗೆ ಬಂದವರು ಸೀದಾ ಮಾಸ್ತರರ ಹತ್ತಿರ ಬರಲಿಲ್ಲ. ಮೂಲೆಗೆ ಹೋಗಿ ಹೆಬ್ಬೆರಳಿನಿಂದ ನೆಲ ತಿಕ್ಕಿದರು.

“ಇಲ್ಲಿ ಸಗಣಿ ತೆಳುವಾಗೇದ. ಬಿರೀತದ. ಬೂದಿ ಕೂಡಿಸಿಲ್ಲೇನು?”

“ಇಲ್ರಿ. ಎಷ್ಟು ಕೂಡಸಬೇಕ್ರಿ?” ಎಂದರು ಮಾಸ್ತರರು.

“ಬುಟ್ಟಿಗಿ ಒಂದು ಬೊಗಸಿ.”

ಹೇಳಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ಅರಿವಾಯಿತು. ನಲವತ್ತು ವರ್ಷದ ಹಿಂದೆ ಅವರಪ್ಪನ ಕಣ ಸಾರಿಸಿದ ಕೈ ಅದು. ಯಾರೂ ನಗಲಿಲ್ಲ, ನಾನೂ ನಗಲಿಲ್ಲ. ನೀನಿದ್ದರೆ ನಗುತ್ತಿದ್ದೆ, ಬರದಿದ್ದದ್ದು ಒಳ್ಳೆಯದಾಯಿತು.

ಅದರಿಂದ ಅವರ ಮನಸ್ಸು ಕರಗಿತೆಂದು ತಿಳಿಯಬೇಡ. ಬರಿಗಾಲಲ್ಲೇ ನಿಂತು ಕರಾರಿನ ವಿರುದ್ಧ ಕೈ ಎತ್ತಿದರು. ಸಂಗಣ್ಣನೂ ಎತ್ತಿದ. ಕರಾರಿನ ಪರ ಮೂರು ಕೈ. ಅದರಲ್ಲಿ ಒಂದಕ್ಕೆ ಸಗಣಿ ಮೆತ್ತಿತ್ತು. ಮಾಸ್ತರರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರೆ, “ಹತ್ತು ಜೋಡಿ ಕ್ಯಾನ್ವಾಸ್ ಬೂಟು ಕೊಡಸ್ರಿ. ಹೊರಗಿನ ನೆಲದಾಗ ಆಡಾಕ ಕಲಸಬೇಕು,” ಅಂದರು. ಬೂಟಿನ ಸಲುವಾಗಿ ಇಷ್ಟೆಲ್ಲ ಆದ ಮೇಲೆ ಆ ಮನುಷ್ಯ ಕೇಳಿದ್ದು ಬೂಟು. ಅದಕ್ಕೆ ಐವರೂ ಕೈ ಎತ್ತಿದೆವು.

ನಿನ್ನ ಪಾಲು. ಅಧ್ಯಕ್ಷರು ಒಂದು ವರ್ಷ ಹೊರಗಿಡಬೇಕೆಂದರು. ದೀಪಾವಳಿಯವರೆಗೆ, ಒಂದು ಟರ್ಮು, ಎಂದು ತೀರಿತು. ಅದಕ್ಕೆ ನಾನೂ ಕೈ ಎತ್ತಿದೆ. ಹಲಗೆ ಇರಲಿ, ಅಧ್ಯಕ್ಷರ ಹೆಸರನ್ನು ಬರೆದವನೇ ತೆಗೆಯತಕ್ಕದ್ದು ಎಂದು ಠರಾವಾಗಿದೆ. ಈ ಸಲ ಚಾಳೀಸು ಹಾಕಿಕೊಂಡು, ಎರಡು ಸಲ ಓದಿ ಸಹಿ ಮಾಡಿದ್ದೇನೆ.

ಸಿಟ್ಟಿದ್ದರೆ ಬಂದು ನಮ್ಮ ಹೊಲದಲ್ಲಿ ಕುಂಟಿ ಹೊಡೆ. ಹೋಗುತ್ತದೆ.

ಶಿವಯೋಗೆಪ್ಪ

*

ತಿಕೋಟಾ
೯ ಜೂನ್ ೧೯೬೩

ಓದಿ ಸಹಿ ಮಾಡುವ ಸನ್ಮಾನ್ಯ ಸದಸ್ಯರಾದ ಶಿವಯೋಗೆಪ್ಪನವರ ಸನ್ನಿಧಾನಕ್ಕೆ, ಒಂದು ಟರ್ಮು ಗಡೀಪಾರಾದ ಯಲಗೂರಪ್ಪನು ಒಪ್ಪಿಸುವ ಅನುಪಾಲನಾ ವರದಿ.

ನಿಮ್ಮ ಕೈ ನನ್ನ ವಿರುದ್ಧವೂ ಎದ್ದದ್ದನ್ನು ಓದಿ ಒಂದು ದಿನ ಸಿಟ್ಟು ಬಂದಿತ್ತು. ಕುಂಟಿ ಹೊಡೆಯಲು ಬರುವಷ್ಟು ಉಳಿದಿಲ್ಲ.

ಇಂದು ಮಧ್ಯಾಹ್ನ ಮಾಸ್ತರರು ಬಸ್ಸಿನಿಂದ ಇಳಿದರು. ಕಂಕುಳಲ್ಲಿ ಗೋಣಿತಟ್ಟು ಸುತ್ತಿದ ನಮ್ಮ ಹಲಗೆ, ಕಿಸೆಯಲ್ಲಿ ಸಹಿಯಾದ ಹೊಸ ಕರಾರು. ಅವ್ವ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದಳು. ಉಂಡಾದ ಮೇಲೆ ಹಲಗೆಯನ್ನು ಕಟ್ಟೆಗೆ ಆನಿಸಿ ನಿಲ್ಲಿಸಿ, “ಹೂಂ, ಠರಾವು ನಡಸು,” ಅಂದರು.

ಕುಡಗೋಲಿನ ಅಲಗಿನಿಂದ ಅಧ್ಯಕ್ಷರ ಹೆಸರನ್ನು ಕೆರೆದೆ. ಕಟ್ಟಿಗೆ ಬೆಳ್ಳಗೆ ಕಂಡಿತು. “ಅಪ್ಪಣೆ” ಎಂಬ ಮಾತಿನ ಮುಂದೆ ಬರೀ ಖಾಲಿ. ಹೆಸರಿಲ್ಲದ ಅಪ್ಪಣೆಗೆ ಯಾರು ಬೂಟು ಬಿಚ್ಚಿಯಾರು? ನನ್ನ ಟ್ರಂಕಿನಲ್ಲಿ ನೀಲಿ ಬಣ್ಣ ತಳದಲ್ಲಿ ಒಂದಿಷ್ಟು ಉಳಿದಿತ್ತು. ತಂದು ಬರೆದೆ: ಯಲಗೂರಪ್ಪ, ತಿಕೋಟಾ.

“ತಗಿ ಅಂತ ಹೇಳ್ಯಾರ,” ಅಂದರು ಮಾಸ್ತರರು. “ಬರಿ ಅಂತ ಹೇಳಿಲ್ಲ.”

“ಬರಿಬ್ಯಾಡ ಅಂತನೂ ಹೇಳಿಲ್ರಿ.”

“ಇನ್ನೊಂದು ಟರ್ಮು ಕಳಕೋತಿ.”

“ಕಳಕೋತೇನ್ರಿ.”

ಅವರು ಬಣ್ಣ ಒಣಗುವವರೆಗೆ ಹಲಗೆಯ ಮುಂದೆ ಕೂತು, ನೊಣ ಕೂಡದಂತೆ ಟೋಪಿಯಿಂದ ಗಾಳಿ ಹಾಕಿದರು. ನಾಲ್ಕರ ಬಸ್ಸು ಬಂದಾಗ ಗೋಣಿತಟ್ಟನ್ನು ನನ್ನ ಕೈಗೆ ಕೊಟ್ಟು, ಹಲಗೆಯನ್ನು ಬಿಚ್ಚಿದಂತೆಯೇ ಬಸ್ಸಿನ ಮೇಲಕ್ಕೆ ಏರಿಸಿ, ಅಕ್ಷರ ಹೊರಗೆ ಕಾಣುವ ಹಾಗೆ ಕಟ್ಟಿಸಿದರು. ವಿಜಾಪುರದವರೆಗೆ ದಾರಿಯವರೆಲ್ಲ ಓದಿರಬೇಕು.

ಮಾಮಾ, ನನ್ನ ಹೆಸರಿನ ಕೆಳಗೆ ನಿಮ್ಮ ಸಹಿಗೆಂದು ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದೇನೆ. ಮುಂದಿನ ಸಲ ಪೇಟೆಗೆ ಹೋದಾಗ ಚಾಳೀಸು ಮರೆಯದೆ ಒಯ್ಯಿರಿ. ಆ ಕಣದಲ್ಲಿ ಮಾತಾಡಬಹುದು.

ಯಲಗೂರಪ್ಪ